ದೋಣಿಯವಳ ದೀಪ

ನಲವತ್ತನೆಯ ಪುಟದಲ್ಲಿ ಮೇಷ್ಟ್ರು ಓದು ನಿಲ್ಲಿಸಿ ಕನ್ನಡಕ ತೆಗೆದರು. ಎದುರಿಗೆ ಬೀನ್ಸ್ ಹೆಚ್ಚುತ್ತಿದ್ದ ಹೆಂಡತಿಯ ಚಾಕು ತಾನಾಗಿಯೇ ನಿಂತಿತು.

"ಈ ದೋಣಿಯವಳು ಯಾರೇ? ಎಲ್ಲರೂ ಯಾಕಿಷ್ಟು ಹೆದರ್ತಾರೆ ಅವಳಿಗೆ?"

"ಮುಂದೆ ಓದಿ, ಗೊತ್ತಾಗುತ್ತೆ," ಎಂದರು ಆಕೆ. ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ.

ಲೆಕ್ಕದ ಪಾಠದಿಂದ ನಿವೃತ್ತರಾದ ಮೇಲೆ ಮೇಷ್ಟ್ರು ಮಾಂತ್ರಿಕರ, ಮಾತಾಡುವ ನದಿಗಳ ಕಾದಂಬರಿ ಮಾಲೆ ಬರೆಯಲು ಕೂತವರು. ಮೂರು ಭಾಗ ಅಚ್ಚಾದವು. ನಾಲ್ಕನೆಯದು ಮುಗಿದ ವಾರವೇ ಪಾರ್ಶ್ವವಾಯು ಬಡಿಯಿತು. ಕೈಕಾಲು ಸುಧಾರಿಸಿದವು, ಕಳೆದ ಹತ್ತು ವರ್ಷದ ನೆನಪು ಮಾತ್ರ ಹೋದದ್ದು ಹೋಯಿತು. ತಮ್ಮದೇ ಪುಸ್ತಕ ತೋರಿಸಿದರೆ, ಯಾರೋ ನನ್ನ ಹೆಸರಿನವನಿರಬೇಕು ಎಂದು ನಗುತ್ತಿದ್ದರು. ಆಮೇಲೆ ಆಕೆ ಮೂರನ್ನೂ ಬೀರುವಿಗೆ ಸೇರಿಸಿದರು.

ನಾಲ್ಕನೆಯದೂ ಮೇಷ್ಟ್ರು ಇರುವಾಗಲೇ ಪುಸ್ತಕವಾಗಲಿ ಎಂಬುದೊಂದೇ ಆಸೆ ಆಕೆಗೆ. ಪ್ರಕಾಶಕರು ಷರತ್ತು ಹಾಕಿದ್ದರು. ಹಿಂದಿನ ಭಾಗಗಳು ಖಾಲಿಯಾಗಿವೆ, ಮತ್ತೆ ಅಚ್ಚು ಹಾಕುವುದಿಲ್ಲ. ಇದು ತನ್ನ ಕಾಲ ಮೇಲೆ ತಾನು ನಿಲ್ಲುವುದಾದರೆ ನೋಡೋಣ. ಅವನ್ನು ಓದದವರೊಬ್ಬರಿಂದ ಇದನ್ನು ಓದಿಸಿ ಹೇಳಿ ಎಂದಿದ್ದಳು ಅಲ್ಲಿನ ಸಂಪಾದಕಿ. ನೆಂಟರಿಷ್ಟರೆಲ್ಲ ಓದಿದವರು, ಇಲ್ಲವೇ ಓದಿದ್ದೇವೆ ಎಂದು ಸುಳ್ಳು ಹೇಳಿದವರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತು. ಕೊನೆಗೆ ಮೇಷ್ಟ್ರ ಹೆಸರಿದ್ದ ಮೇಲಿನ ಹಾಳೆ ತೆಗೆದಿಟ್ಟು, ಹಸ್ತಪ್ರತಿಯನ್ನು ಗಂಡನ ಕೈಗೇ ಕೊಟ್ಟರು.

ಮೇಷ್ಟ್ರು ಮೂರು ದಿನ ಓದಿದರು. ದೋಣಿ ಮುಳುಗುವ ಅಧ್ಯಾಯದಲ್ಲಿ ಕಣ್ಣೊರೆಸಿಕೊಂಡರು. ಅದನ್ನು ಬರೆದ ದಿನವೂ ಹೀಗೇ ಒರೆಸಿಕೊಂಡಿದ್ದರು. ಆಕೆಗೆ ಸಂಕಟವಾಯಿತು, ಒಳಗೊಳಗೇ ಖುಷಿಯೂ ಆಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಹಾಳೆಗಳನ್ನು ಜೋಡಿಸಿ ತಟ್ಟಿ ಕೆಳಗಿಟ್ಟರು. "ಹಿಂದೆ ಏನೇನೋ ನಡೆದಿದೆ ಅಂತ ಗೊತ್ತಾಗುತ್ತೆ. ಆದ್ರೆ ಎಲ್ಲೂ ದಾರಿ ತಪ್ಪಲಿಲ್ಲ."

ಸಂಪಾದಕಿಗೆ ಹೇಳಲು ಅಷ್ಟು ಸಾಕಿತ್ತು. ಆಕೆ ಫೋನಿನತ್ತ ಕೈ ಚಾಚಿದರು.

"ಯಾವಾಗ ಬರೆದೆ ನೀನು ಇದನ್ನ? ನಂಗೆ ಹೇಳೇ ಇಲ್ಲ."

ಮೇಷ್ಟ್ರ ಅಕ್ಷರ ಕಾಗೆಕಾಲು ಗುಬ್ಬಿಕಾಲು. ಮೊದಲಿನಿಂದಲೂ ಶುದ್ಧ ಪ್ರತಿ ಮಾಡುತ್ತಿದ್ದವರು ಹೆಂಡತಿಯೇ. ಆ ದುಂಡು ಅಕ್ಷರವನ್ನು ಅವರು ಮರೆತಿರಲಿಲ್ಲ. ನನ್ನದಲ್ಲ ಎನ್ನಲು ಆಕೆ ಬಾಯಿ ತೆರೆದರು. ಗಂಡನ ಮುಖದ ಮೇಲಿನ ಹೆಮ್ಮೆ ನೋಡಿ ಸುಮ್ಮನಾದರು.

"ಒಂದೇ ಒಂದು ಅನುಮಾನ. ಆ ದೋಣಿಯವಳು ಹಗಲು ಹೊತ್ತಲ್ಲೂ ದೀಪ ಯಾಕೆ ಆರಿಸಲ್ಲ?"

ಬೀರುವಿನಲ್ಲಿದ್ದ ಮೂರರಲ್ಲೂ ಅದಕ್ಕೆ ಉತ್ತರವಿರಲಿಲ್ಲ. ಪ್ರತಿ ಮಾಡುವಾಗ ಆಕೆಯೂ ಇದನ್ನೇ ಕೇಳಿದ್ದರು. ಐದರಲ್ಲಿ ಹೇಳ್ತೀನಿ ಬಿಡೇ ಎಂದು ಮೇಷ್ಟ್ರು ಅಂದು ಕಣ್ಣು ಮಿಟುಕಿಸಿದ್ದರು. ಐದನೆಯದರ ಒಂದು ಸಾಲೂ ಇರಲಿಲ್ಲ. ಗೊತ್ತಿದ್ದ ಒಬ್ಬರೇ ಒಬ್ಬರು ಎದುರಿಗೇ ಕೂತು ಉತ್ತರಕ್ಕೆ ಕಾಯುತ್ತಿದ್ದರು.

"ಐದರಲ್ಲಿ ಹೇಳ್ತೀನಿ ಬಿಡಿ," ಎಂದರು ಆಕೆ.

"ಹಾಗಾದ್ರೆ ಬೇಗ ಬರಿ. ನಂಗೂ ವಯಸ್ಸಾಯ್ತು."

ಮೇಷ್ಟ್ರು ಎದ್ದು ಮೇಜಿನ ಖಾನೆಯಲ್ಲಿ ಪೆನ್ಸಿಲ್ ಹುಡುಕಿದರು. ತರಕಾರಿ ಚಾಕುವಿನಿಂದಲೇ ಅದನ್ನು ಚೂಪಾಗಿ ಹೆರೆದು, ಸಿಪ್ಪೆಯನ್ನು ಅಂಗೈಯಲ್ಲಿ ಹಿಡಿದುಕೊಂಡು, ಪೆನ್ಸಿಲನ್ನು ಹೆಂಡತಿಯ ಮುಂದಿಟ್ಟರು.