ಹಿಂದೆ ತಿರುಗಬಾರದು

ಕಾರನ್ನು ಮುಂದಕ್ಕೆ ಓಡಿಸುವುದರಲ್ಲಿ ಶೋಶಾಮ್ಮ ಟೀಚರಿಗೆ ಯಾವ ತಕರಾರೂ ಇರಲಿಲ್ಲ. ಹಿಂದಕ್ಕೆ ತೆಗೆಯುವಾಗ ಮಾತ್ರ ಕುತ್ತಿಗೆ ಅವಳ ಮಾತು ಕೇಳುತ್ತಿರಲಿಲ್ಲ.

ಲೈಸೆನ್ಸ್ ಪರೀಕ್ಷೆಯಲ್ಲಿ ಎಲ್ಲರ ಬೆವರಿಳಿಸುವುದು ಆ ಎಚ್. ಮೈದಾನದಲ್ಲಿ ಎಚ್ ಅಕ್ಷರದ ಹಾಗೆ ಕಂಬಿ ನೆಟ್ಟಿರುತ್ತಾರೆ; ಕಾರನ್ನು ಮುಂದೆ ಹಿಂದೆ ಆಡಿಸುತ್ತ, ಒಂದು ಕಂಬಿಗೂ ತಾಗಿಸದೆ ಅಕ್ಷರ ಮುಗಿಸಬೇಕು. ಹಿಂದಕ್ಕೆ ಬರುವಾಗ ಕನ್ನಡಿಯಲ್ಲೇ ನೋಡಬೇಕು, ತಲೆ ತಿರುಗಿಸಿದರೆ ಫೇಲು. ಶೋಶಾಮ್ಮ ಪ್ರತಿ ಸಲವೂ ತಿರುಗುತ್ತಿದ್ದಳು. ತಿರುಗಿದ ಕೂಡಲೇ ಸ್ಟಿಯರಿಂಗ್ ಜಾರಿ, ಯಾವುದಾದರೊಂದು ಕಂಬಿ ಠಣ್ಣೆಂದು ಉರುಳುತ್ತಿತ್ತು.

ಕಲಿಸುತ್ತಿದ್ದ ಭಾರ್ಗವನ್ ಆಶಾನ್ ಬೈಗುಳಕ್ಕೆ ಹೆಸರಾದವನು. ಆದರೆ ತನ್ನ ಮಕ್ಕಳಿಗೆ ಮಗ್ಗಿ ಕಲಿಸಿದ ಟೀಚರನ್ನು ಬೈಯುವುದು ಹೇಗೆ? ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡು, ಬಿದ್ದ ಕಂಬಿಯನ್ನು ನೆಟ್ಟು ಬಂದು ಕಿಟಕಿಯ ಬಳಿ ಬಗ್ಗಿದ.

“ಟೀಚರೇ, ರಿಟೈರಾಯ್ತಲ್ಲ. ಹಿಂದಿನ ಬೆಂಚಿನೋರು ಏನ್ ಮಾಡ್ತಿದ್ದಾರೇಂತ ಈಗ್ಲೂ ನೋಡ್ತಾನೇ ಇರ್ಬೇಕಾ?”

ಸರದಿಗೆ ಕಾದಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಶೋಶಾಮ್ಮನೂ ನಕ್ಕಳು. ಆದರೆ ಹಿಂದೆ ಕೂತಿರುವುದು ಯಾರೆಂದು ಅವನಿಗೆ ಹೇಳುವುದಾದರೂ ಹೇಗೆ?

ಹಾಗಂತ ಅವಳು ಹೊಸಬಳಲ್ಲ. ಪ್ರಾಯದಲ್ಲೇ ಲೈಸೆನ್ಸ್ ತೆಗೆದವಳು. ಆದರೆ ಗಂಡ ಕುರಿಯಾಕ್ಕೋಸ್ ಸ್ಟಿಯರಿಂಗ್ ಬಿಟ್ಟುಕೊಡುವ ಆಸಾಮಿಯೇ ಅಲ್ಲ. ಹಬ್ಬಕ್ಕೋ ಹುಣ್ಣಿಮೆಗೋ ಒಮ್ಮೆ ಇಗರ್ಜಿಯವರೆಗೆ ಬಿಟ್ಟುಕೊಟ್ಟರೂ ಪಕ್ಕದಲ್ಲಿ ಕೂತು ಅವಳ ಪ್ರಾಣ ಹಿಂಡುತ್ತಿದ್ದ. ಅವನು ತೀರಿಹೋದ ಮೇಲೆ ಕಾರು ಶೆಡ್ಡಿನಲ್ಲೂ ಲೈಸೆನ್ಸು ಬೀರುವಿನಲ್ಲೂ ಸುಮ್ಮನೆ ಬಿದ್ದಿದ್ದವು.

ಆಮೇಲೆ ಬಂತು ಆ ಹರತಾಳದ ದಿನ. ರಸ್ತೆಯಲ್ಲಿ ಆಟೋ ಇಲ್ಲ, ಟ್ಯಾಕ್ಸಿ ಇಲ್ಲ. ಇದ್ದ ಒಂದು ಆಂಬುಲೆನ್ಸು ಯಾರನ್ನೋ ಹೊತ್ತು ಕೋಟ್ಟಯಂಗೆ ಹೋಗಿತ್ತು. ಮಟಮಟ ಮಧ್ಯಾಹ್ನ ಅವಳ ತಾಯಿ ಅಮ್ಮಚ್ಚಿ ಎದೆ ಹಿಡಿದುಕೊಂಡು ಕುಸಿದಳು. ಶೋಶಾಮ್ಮ ಅವಳನ್ನು ಹೇಗೋ ಎತ್ತಿ ಹಿಂದಿನ ಸೀಟಿನಲ್ಲಿ ಒರಗಿಸಿ ಕಾರು ಚಾಲೂ ಮಾಡಿದಳು. ಮನೆಯಿಂದ ರಸ್ತೆಯವರೆಗೆ ಕಿರಿದಾದ ಇಳಿಜಾರು, ಎರಡೂ ಕಡೆ ಕಲ್ಲಿನ ಗೋಡೆ. ಅಷ್ಟು ದೂರವನ್ನೂ ಹಿಂದಕ್ಕೇ ಬರಬೇಕು. ಅವಳು ತಿರುಗಿ ನೋಡಿದಳು, ಕಾರು ಗೋಡೆಗೆ ಉಜ್ಜಿತು. ಮತ್ತೆ ತಿರುಗಿದಳು, ಮತ್ತೆ ಉಜ್ಜಿತು. ಅಮ್ಮಚ್ಚಿ ಏದುಸಿರಿನಲ್ಲೇ ಅಂದಳು: “ನನ್ನ ನೋಡ್ಬೇಡ ಮೋಳೇ, ದಾರಿ ನೋಡು.” ಆದರೆ ದಾರಿ ಇದ್ದದ್ದೂ ಅಮ್ಮಚ್ಚಿ ಇದ್ದದ್ದೂ ಒಂದೇ ದಿಕ್ಕಿನಲ್ಲಿ. ಕಾರು ರಸ್ತೆಗೆ ಇಳಿಯುವಷ್ಟರಲ್ಲಿ ಅಮ್ಮಚ್ಚಿ ಹೋಗಿಬಿಟ್ಟಿದ್ದಳು. ಊರಿಗೆ ಗೊತ್ತಿದ್ದದ್ದು ಇಷ್ಟೇ.

ಆ ಮೇಲೆ ಅವಳು ಕಾರು ಮುಟ್ಟಲಿಲ್ಲ. ಲೈಸೆನ್ಸಿನ ಅವಧಿ ಮುಗಿದು ವರ್ಷಗಳೇ ಕಳೆದವು, ಈಗ ಮತ್ತೆ ಮೊದಲಿನಿಂದ ಪರೀಕ್ಷೆ. ಕಾರಣ ಮಗಳು ಜಿನ್ಸಿ. ಅಳಿಯ ಕುವೈತಿನಲ್ಲಿ. ಹಿಂದೆ ಒಂದು ಬಸಿರು ಇಳಿದುಹೋಗಿ, ಈಗಿನದು ದೇವರ ದಯೆಯಿಂದ ಎಂಟಕ್ಕೆ ಬಿದ್ದಿತ್ತು. ಸಣ್ಣ ನೋವು ಬಂದರೂ ತಡಮಾಡದೆ ಹೊರಡಿ ಎಂದಿದ್ದರು ಡಾಕ್ಟರು. ಮನೆಯಿದ್ದ ಆ ದಿಬ್ಬ ಹತ್ತಿ ಬರುವುದೆಂದರೆ ಆಟೋದವರು ಹಗಲಲ್ಲೇ ಮುಖ ತಿರುಗಿಸುತ್ತಿದ್ದರು.

ಆಶಾನ್‌ನ ಕಾರು ಬೇರೆ, ಅದರ ಸೀಟು ಬೇರೆ. ಆದರೂ ರಿವರ್ಸ್ ಗೇರು ಬಿದ್ದ ಕೂಡಲೇ ಅಮ್ಮಚ್ಚಿ ಹಚ್ಚಿಕೊಳ್ಳುತ್ತಿದ್ದ ಮಂಡಿನೋವಿನ ತೈಲದ ವಾಸನೆ ಏಳುತ್ತಿತ್ತು, ಬೆನ್ನ ಹಿಂದೆ ಆ ಏದುಸಿರು ಶುರುವಾಗುತ್ತಿತ್ತು. ಕಾರು ಹಿಂದಕ್ಕೆ ಚಲಿಸುವಷ್ಟು ಹೊತ್ತೂ ಅದು ಕೇಳುತ್ತಿತ್ತು.

ಪರೀಕ್ಷೆಗೆ ಮುಂಚಿನ ಭಾನುವಾರ ಜಿನ್ಸಿ ತಾನೇ ಒಂದು ಉಪಾಯ ಹೂಡಿದಳು. ಮತ್ತೆ ರಿಪೇರಿ ಮಾಡಿಸಿದ್ದ ಶೆಡ್ಡಿನ ಕಾರಿನ ಹಿಂದಿನ ಸೀಟಿನಲ್ಲಿ ಹೊಟ್ಟೆ ಹೊತ್ತು ಕೂತು, ನಾನು ಮಾತಾಡ್ತಾ ಇರ್ತೀನಿ, ನೀನು ತಿರುಗದೆ ಅಂಗಳದಲ್ಲೇ ಹಿಂದಕ್ಕೆ ತೆಗಿ ಅಂದಳು. ಕಾರು ನಾಲ್ಕು ಮಾರು ಹೋಗಿರಬೇಕು, ಜಿನ್ಸಿ ಮಾತು ನಿಲ್ಲಿಸಿ ಒಮ್ಮೆ ದೀರ್ಘವಾಗಿ ಉಸಿರೆಳೆದಳು. ಶೋಶಾಮ್ಮ ಗಕ್ಕನೆ ಬ್ರೇಕು ಒತ್ತಿ, ಇಳಿ ಕೆಳಗೆ ಎಂದು ಗದರಿದಳು.

“ಮಮ್ಮಿ, ನಾನು ಅಮ್ಮಚ್ಚಿ ಅಲ್ಲ,” ಅಂದಳು ಜಿನ್ಸಿ. ಅವಳ ಕಣ್ಣಲ್ಲಿ ನೀರು ತುಂಬಿತ್ತು.

ಯಾರಿಗೂ ಹೇಳದ ಮಾತು ಆಗ ಶೋಶಾಮ್ಮಳ ಬಾಯಿಂದ ಬಂತು. “ಕೊನೇಗೆ ಅಮ್ಮಚ್ಚಿ ಮಾತು ಕೇಳ್ದೆ ಕಣೇ. ತಿರುಗ್ಲೇ ಇಲ್ಲ. ಬರೀ ಕನ್ನಡಿ ನೋಡ್ಕೊಂಡು ಗೇಟು ದಾಟಿಸ್ದೆ. ಕಾರು ಎಲ್ಲೂ ತಾಗ್ಲಿಲ್ಲ. ಆಗ್ಲೇ ಹೋದ್ಳು ಅವ್ಳು. ನಾನು ನೋಡ್ದೇ ಇದ್ದಾಗ.”

ಜಿನ್ಸಿ ಮುಂದಕ್ಕೆ ಬಾಗಿ ತಾಯಿಯ ಭುಜದ ಮೇಲೆ ಕೈಯಿಟ್ಟಳು.

ಪರೀಕ್ಷೆಯ ದಿನ ಇನ್ಸ್‌ಪೆಕ್ಟರು ಹೆಸರು ಕರೆದಾಗ ಶೋಶಾಮ್ಮ ಶಿಲುಬೆಯ ಗುರುತು ಹಾಕಿಕೊಂಡು ಕಾರು ಹತ್ತಿದಳು. ಮೊದಲ ಗೆರೆ ಮುಂದಕ್ಕೆ, ಸಲೀಸು. ರಿವರ್ಸ್ ಗೇರು ಬಿತ್ತು, ವಾಸನೆ ಬಂತು, ಉಸಿರೂ ಬಂತು. ಅವಳು ಹಲ್ಲು ಕಚ್ಚಿ ಕನ್ನಡಿಯಲ್ಲಿ ಕಂಬಿಗಳನ್ನಷ್ಟೇ ನೋಡಿದಳು. ನಡುಗೆರೆಯ ತಿರುವೂ ದಾಟಿತು. ಮತ್ತೆ ಮುಂದಕ್ಕೆ ಹೋಗಿ, ಹಿಂದಕ್ಕೆ ಬರುವ ಕೊನೆಯ ಗೆರೆ ಹಿಡಿದಳು. ಅರ್ಧ ಬಂದಿರಬೇಕು, ಉಸಿರು ನಿಂತುಹೋಯಿತು.

ಆ ನಿಶ್ಶಬ್ದ ಅವಳಿಗೆ ಗುರುತಿನದೇ. ಕುತ್ತಿಗೆ ತಾನಾಗಿಯೇ ಎಳೆಯಿತು. ತಿರುಗಿಬಿಡು, ಈ ಸಲವಾದರೂ ಮುಖ ನೋಡು ಎಂದು ಮೈಯೆಲ್ಲ ಕೂಗುತ್ತಿತ್ತು. ಜಿನ್ಸಿಯನ್ನು ನೆನೆದುಕೊಂಡು ಅವಳು ತಿರುಗಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿರುವಂತೆಯೇ ಕನ್ನಡಿ ನೋಡಿ, ಕಾರನ್ನು ನಿಧಾನವಾಗಿ ತಂದು ಕೊನೆಯ ಕಂಬಿಯಾಚೆ ನಿಲ್ಲಿಸಿದಳು.

ಇನ್ಸ್‌ಪೆಕ್ಟರು ತಲೆಯಾಡಿಸಿ ಮುಂದಿನವರ ಹೆಸರು ಕರೆದರು. ಆಶಾನ್ ಹಲ್ಲು ಕಿರಿಯುತ್ತ ಓಡಿಬಂದ. ಶೋಶಾಮ್ಮ ಅವನತ್ತ ನೋಡಲೂ ಇಲ್ಲ. ಇಳಿದವಳೇ ಹೋಗಿ ಹಿಂದಿನ ಬಾಗಿಲು ತೆರೆದಳು.

“ಏನಾದ್ರೂ ಬಿಟ್ರಾ ಟೀಚರೇ?” ಎಂದು ಆಶಾನ್ ಕೇಳಿದ.

ಅವಳು ಒಳಗೆ ಬಗ್ಗಿ ಕೈ ಚಾಚಿದಳು.

“ಇಳಿ ಅಮ್ಮಚ್ಚಿ,” ಅಂದಳು. “ಬಂದ್ವಿ.”

ಆಶಾನ್ ಹಿಂದೆ ಸರಿದು ದಾರಿ ಬಿಟ್ಟ. ಮುಂದಿನ ಹುಡುಗಿ ಕಾರಿಗಾಗಿ ಕಾದು ನಿಂತಿದ್ದಳು. ವಯಸ್ಸಾದವರೊಬ್ಬರು ಕೈ ಹಿಡಿದುಕೊಂಡು ಇಳಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತೂ ಶೋಶಾಮ್ಮ ಬಾಗಿಲು ಹಿಡಿದು ನಿಂತಿದ್ದಳು.