ಮಿಸ್ ಹಾರ್ಕರ್‌ಗೆ ಒಂದು ಕರೆ

"ಮಿಸ್, ನೋಡಿ ಇಲ್ಲಿ, ಹಲ್ಲು ಬಿತ್ತು!"

ಟೆಸ್ ಕಂಪ್ಯೂಟರ್ ಪರದೆಯ ಮುಂದೆ ಬಾಯಿ ತೆರೆದು ನಿಂತಿದ್ದಳು. ಪಕ್ಕದಲ್ಲೇ ಪೆನ್ಸಿಲ್ ಹೆರೆಯುತ್ತಿದ್ದ ಅಮ್ಮ ಬ್ರಿಜಿಡ್‌ಗೆ ವಿಷಯ ಗೊತ್ತಾದದ್ದೂ ಆಗಲೇ. ಹೆತ್ತ ತಾಯಿಗೆ ಹೇಳದ ಸುದ್ದಿ ಐನೂರು ಕಿಲೋಮೀಟರ್ ಆಚೆಯ ಊರಿನಲ್ಲಿ ಕೂತ ಟೀಚರಿಗೆ! ಮಿಸ್ ಹಾರ್ಕರ್ ಚಪ್ಪಾಳೆ ತಟ್ಟಿದಳು. ಉಗುರಿನಲ್ಲಿ ಮಣ್ಣಿಲ್ಲದ ಕೈ. ಆ ಚಪ್ಪಾಳೆಯನ್ನು ಬ್ರಿಜಿಡ್ ಒಮ್ಮೆ ಬಚ್ಚಲಲ್ಲಿ ಒಬ್ಬಳೇ ತಟ್ಟಿ ನೋಡಿದ್ದುಂಟು.

ಈ ದನದ ಫಾರಂನಲ್ಲಿ ಕುದುರೆ ಜೀನುಗಳನ್ನಿಡುವ ಕೋಣೆಯ ಪಕ್ಕದ ಕೋಣೆಯೇ ಶಾಲೆ. ಟೆಸ್ ಒಬ್ಬಳೇ ವಿದ್ಯಾರ್ಥಿನಿ. ಬೆಳಗ್ಗೆ ಒಂದು ಗಂಟೆ ಹೊತ್ತು ಮಿಸ್ ಹಾರ್ಕರ್ ಪರದೆಯಲ್ಲಿ ನಗುತ್ತಾಳೆ. ಉಳಿದ ದಿನದ ಭಿನ್ನರಾಶಿ, ಗದರಿಕೆ ಎಲ್ಲ ಬ್ರಿಜಿಡ್ ಪಾಲಿಗೆ.

"ಪಾಠಕ್ಕೆ ಆ ಡಬ್ಬ ಯಾಕೆ? ನಾನೇನು ಸತ್ತಿದೀನಾ?" ಎಂದು ಗಂಡನನ್ನು ಕೇಳಿದ್ದಳು.

"ನಾನು ಕಲ್ತಿದ್ದೂ ಮೈಕು ಹಿಡ್ಕೊಂಡು ರೇಡಿಯೋದಲ್ಲೇ ಕಣೆ, ಟೀಚರ್ ಎಲ್ಲೋ ದೂರದಲ್ಲಿ," ಎಂದು ಡೆಸ್ ನಕ್ಕಿದ್ದ. "ನಮ್ಮಮ್ಮ ರೇಡಿಯೋ ನೋಡಿ ಹೊಟ್ಟೆ ಉರ್ಕೊಳ್ಲಿಲ್ಲ." ಟೆಸ್ ಅದನ್ನು ಕಣ್ಣರಳಿಸಿ ಕೇಳಿಸಿಕೊಂಡಿದ್ದಳು.

ಮಂಗಳವಾರ ಗಂಡಸರು ದೂರದ ಬಯಲಿಗೆ ದನ ಒಟ್ಟುಗೂಡಿಸಲು ಹೋದರು. ಬ್ರಿಜಿಡ್ ಶಾಲೆಯ ಹಿಂದೆ ಹೋಗಿ ಇಂಟರ್ನೆಟ್ ಡಿಶ್‌ನ ವೈರು ಕಿತ್ತಳು.

"ಇವತ್ತು ಸಿಗ್ನಲ್ ಇಲ್ಲ ಮಗಳೇ. ನಾವಿಬ್ರೇ ಓದೋಣ. ಬಟ್ಟೆ ಒಣಹಾಕಿ ಬರ್ತೀನಿ."

ಟೆಸ್ ಹಿಂದಿನ ಕಿಟಕಿಯ ಕಡೆ ನೋಡಿದಳು.

ಬ್ರಿಜಿಡ್ ಮೊದಲ ಬೆಡ್‌ಶೀಟು ಹರವುತ್ತಿದ್ದಾಗ ಅಲ್ಲೇ ನಿಂತಿದ್ದ ಜೀಪಿನ ವೈರ್‌ಲೆಸ್ ರೇಡಿಯೋದಿಂದ ಮಗಳ ದನಿ ಬಂತು. ಅಡುಗೆಮನೆಯ ರೇಡಿಯೋ ಹಿಡಿದಿದ್ದಾಳೆ!

"ಮಿಸ್ ಹಾರ್ಕರ್? ಕೇಳಿಸ್ತಿದೆಯಾ?"

"ಇಲ್ಲಿ ಯಾವ ಮಿಸ್ಸೂ ಇಲ್ಲ ತಾಯಿ," ಎಂದಿತು ದನ ಕಾಯುವ ಮುದುಕ ಕ್ಲೆಮ್‌ನ ಗೊಗ್ಗರು ದನಿ. "ಹಲ್ಲಿಲ್ಲದ ಕ್ಲೆಮ್ ಇದಾನೆ, ಆಗ್ಬೋದಾ?"

"ನಂಗೆ ಮಿಸ್ಸೇ ಬೇಕು."

ಬ್ರಿಜಿಡ್‌ಗೆ ಏನನ್ನಿಸಿತೋ. ಜೀಪಿನೊಳಗೆ ಬಗ್ಗಿ ಮೈಕು ಎತ್ತಿಕೊಂಡಳು. ದನಿಯನ್ನು ತೆಳ್ಳಗೆ ಮಾಡಿ, "ಹೇಳು ಪುಟ್ಟೀ, ಮಿಸ್ ಮಾತಾಡ್ತಿದೀನಿ," ಎಂದಳು.

ರೇಡಿಯೋ ಕರಕರ ಎಂದಿತು, ಟೆಸ್ ದನಿ ತಗ್ಗಿಸಿದಳು.

"ಮಿಸ್, ಸಿಗ್ನಲ್ ಇದೆ. ಅಮ್ಮನೇ ವೈರ್ ಕಿತ್ತಿದ್ದು, ನಾನು ನೋಡ್ದೆ. ಅವಳಿಗೆ ಬೈಬೇಡಿ."

"ಯಾಕೆ... ಯಾಕಂತೆ ಕಿತ್ತಿದ್ದು?"

"ನಿಮ್ಮನ್ನ ನಾನು ಜಾಸ್ತಿ ಹೊಗಳ್ತೀನಲ್ಲ, ಅದಕ್ಕೆ. ಇನ್ಮೇಲೆ ಹೊಗಳಲ್ಲ. ಅಮ್ಮ ಕೆಟ್ಟೋಳೇನಲ್ಲ ಮಿಸ್. ಲೆಕ್ಕ ತಪ್ಪಾದ್ರೆ ಕಿರುಚ್ತಾಳೆ, ಅಷ್ಟೇ."

ಇದನ್ನೆಲ್ಲ ಕ್ಲೆಮ್ ಕೇಳಿಸಿಕೊಂಡಿದ್ದಾನೆ. ಡೆಸ್ ಕೂಡ ಕೇಳುತ್ತಿರಬೇಕು. ಫಾರಂನ ಎಲ್ಲ ಜೀಪುಗಳಿಗೂ ಇರುವುದು ಇದೊಂದೇ ಚಾನಲ್. ಒಬ್ಬರು ಮೈಕಿನ ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಇನ್ನೊಬ್ಬರ ಮಾತು ಒಳಗೆ ಬರುವುದಿಲ್ಲ.

ಬ್ರಿಜಿಡ್ ಗುಂಡಿ ಒತ್ತಿದಳು. ಬಾಯಿ ತೆರೆದು ಮುಚ್ಚಿದಳು. ಹೆಬ್ಬೆರಳನ್ನು ಮಾತ್ರ ತೆಗೆಯಲಿಲ್ಲ. ಬೆನ್ನ ಹಿಂದೆ ಒದ್ದೆ ಬೆಡ್‌ಶೀಟು ಗಾಳಿಗೆ ಪಟಪಟ ಬಡಿಯುತ್ತಿತ್ತು. ಅಡುಗೆಮನೆಯಲ್ಲೂ ಬಯಲಿನ ಎಲ್ಲ ಜೀಪುಗಳಲ್ಲೂ ಈಗ ಅದೊಂದೇ ಸದ್ದು.