ಒಂದು ಸೀಟಿ, ಎರಡು ಸೀಟಿ

ನಮ್ಮ ಶಾಲೆಯ ಹೆಡ್‌ಮಾಸ್ತರು ಭಗವಂತರಾಯರಿಗೆ ಸಮಾನತೆಯ ಮೇಲೆ ನಲವತ್ತು ವಚನ ಬಾಯಿಪಾಠ ಇದ್ದವು. ದಿನಕ್ಕೊಂದರಂತೆ, ಕಣ್ಣು ಮುಚ್ಚಿ, ಕೈ ಜೋಡಿಸಿ, ಧ್ವನಿ ನಡುಗಿಸಿ ಹೇಳುತ್ತಿದ್ದರು. ಕಣ್ಣು ತೆರೆದು ಹೇಳಿದ್ದರೆ ಎದುರಿಗೆ ಕೂತ ಮಕ್ಕಳು ಕಾಣುತ್ತಿದ್ದರು. ಆಗ ವಚನ ಅಷ್ಟು ಸಲೀಸಾಗಿ ಬಾಯಿಗೆ ಬರುತ್ತಿರಲಿಲ್ಲ.

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿ ಬಿಟ್ಟು, ಕೆನಾಲಿನ ದಂಡೆ ಹಿಡಿದು ಎರಡು ಮೈಲಿ ಒಳಗೆ ಬಂದರೆ ನಮ್ಮ ಶಾಲೆ. ಒಂದೇ ಉದ್ದನೆಯ ಕೋಣೆ. ಒಂದು ತುದಿಯ ಗೋಡೆಗೆ ಮೂರು ಕಾಲಿನ ಕರಿಹಲಗೆ, ಇನ್ನೊಂದು ತುದಿಗೆ ಬಾಗಿಲು. ಮಕ್ಕಳು ಮನೆಯಿಂದ ತಂದ ಗೋಣಿತಟ್ಟು ಹಾಸಿಕೊಂಡು ಕೂಡುತ್ತಿದ್ದರು. ಹಲಗೆಯ ಮುಂದೆ ಗೌಡರ ಓಣಿಯ ತಟ್ಟುಗಳು. ನಡುವೆ ಬೇರೆ ಓಣಿಗಳವು. ಫಕೀರಸಾಬನ ಮಗಳು ಗೌಹರಬೇಗಂ ಕಿಟಕಿಯ ಕೆಳಗೆ. ಬಾಗಿಲಿನ ಹತ್ತಿರ, ಚಪ್ಪಲಿಗಳಿಗೆ ತಾಗಿ, ಕೆನಾಲಿನ ಆಚೆ ದಂಡೆಯವರವು. ಆ ಮನೆಗಳಲ್ಲಿ ಈಗೀಗ ಗೋಡೆಗೆ ಬುದ್ಧನ ಪಟ ಬಂದಿತ್ತು. ಗೋಡೆಯ ಮೇಲಿನ ಪಟ ಬದಲಾಗಿದ್ದರೂ ಅವರ ಮಕ್ಕಳ ಜಾಗ ಬದಲಾಗಿರಲಿಲ್ಲ.

ಹೀಗೇ ಕೂಡಬೇಕೆಂದು ಯಾರೂ ಹೇಳಿರಲಿಲ್ಲ. ಒಂದನೆಯ ತರಗತಿಗೆ ಬಂದ ಮೊದಲ ದಿನವೇ ಮಗುವಿಗೆ ತನ್ನ ತಟ್ಟು ಎಲ್ಲಿ ಹಾಸಬೇಕೆಂಬುದು ಗೊತ್ತಿರುತ್ತಿತ್ತು. ಅಕ್ಷರ ಕಲಿಸಲು ನಮಗೆ ಆರು ತಿಂಗಳು ಬೇಕು. ಇದನ್ನು ಮಾತ್ರ ಊರೇ ಕಲಿಸಿ ಕಳಿಸುತ್ತಿತ್ತು.

ನಾನು ಅಲ್ಲಿ ಸಹಶಿಕ್ಷಕಿ, ಅಮೃತಮ್ಮ. ಮಕ್ಕಳಿಗೆ ಅಕ್ಕೋರು. ನಮ್ಮಪ್ಪ ಅಮಾವಾಸ್ಯೆಗೊಮ್ಮೆ ಮಠದಲ್ಲಿ ಏಕತಾರಿ ಹಿಡಿದು ಪದ ಹೇಳುತ್ತಿದ್ದರು. ಅವರ ತೊಡೆಗೆ ಒರಗಿ ತಲೆದೂಗುತ್ತ ಬೆಳೆದವಳು ನಾನು. ಒಳ್ಳೆಯ ಮಾತಿಗೆ ತಲೆದೂಗಿದರೆ ಸಾಕು, ಅರ್ಧ ಪುಣ್ಯ ಬಂತೆಂದು ತಿಳಿದಿದ್ದೆ. ಹಾಗಾಗಿ ಭಗವಂತರಾಯರ ವಚನಕ್ಕೂ ಮೂರು ವರ್ಷ ತಲೆದೂಗಿದ್ದೆ.

ಬಾಗಿಲಿನ ಸಾಲಿನಲ್ಲಿ ಲಾಲಮ್ಮ ಎಂಬ ಹುಡುಗಿ ಕೂಡುತ್ತಿದ್ದಳು. ಮೂರನೆಯ ತರಗತಿಯಲ್ಲಿ ಎರಡನೆಯ ವರ್ಷ. ಹಲಗೆಯ ಮೇಲಿನದನ್ನು ಬರೆ ಎಂದರೆ ಪಾಟಿಯ ಮೇಲೆ ಇರುವೆ ಹರಿದಾಡಿದ ಹಾಗೆ ಏನೋ ಗೀಚುತ್ತಿದ್ದಳು. ‘ದಡ್ಡಿ’ ಎಂದು ಹೆಡ್‌ಮಾಸ್ತರು ತೀರ್ಮಾನಿಸಿದ್ದರು. ನಾನೂ ಹೌದೆಂದಿದ್ದೆ. ಅವಳ ತಾಯಿ ಮುದುಕಮ್ಮ ಭತ್ತದ ನಾಟಿಯ ಕೂಲಿಗೆ ಹೋಗುವಾಕೆ. ಒಂದು ದಿನ ಕೆಸರುಗಾಲಿನಲ್ಲೇ ಬಂದು ಬಾಗಿಲ ಹೊರಗೆ ನಿಂತಳು.

“ಅಕ್ಕೋರ, ಈ ಸಲನೂ ಪಾಸ್ ಆಗಲಿಲ್ಲಂದ್ರ ಸಾಲಿ ಬಿಡಸ್ತೀನ್ರಿ. ನನ್ನ ಜೋಡಿ ನಾಟಿಗೆ ಬರ್ತಾಳ.”

ಹೆಡ್‌ಮಾಸ್ತರು ಒಳಗಿನಿಂದಲೇ ಹೇಳಿದರು: “ಶಾಣ್ಯಾಕಿ ಇದ್ದಿ ಮುದುಕವ್ವ. ಕೆಲವು ಹೊಲದಾಗ ಎಷ್ಟ ನೀರ ಬಿಟ್ರೂ ಬೆಳಿ ಬರಂಗಿಲ್ಲ.”

ಮುದುಕಮ್ಮ ಅವರ ಕಡೆ ನೋಡದೆ ನನ್ನನ್ನು ನೋಡಿದಳು. “ಮನ್ಯಾಗ ಬುಕ್ಕ ಮುಖಕ್ಕ ಹಚ್ಚಿಕೊಂಡು ಓದೇ ಓದ್ತಾಳ್ರೀ,” ಎಂದಳು. ಕೇಳಿಸಿಕೊಂಡೆ. ಅದರಾಚೆ ಏನೂ ಮಾಡಲಿಲ್ಲ.

ಜನವರಿಯಲ್ಲಿ ಮೇಲಿನಿಂದ ಸುತ್ತೋಲೆ ಬಂತು: ತರಗತಿಯಲ್ಲಿ ಎಲ್ಲ ಜನಾಂಗದ ಮಕ್ಕಳೂ ಬೆರೆತು ಕೂಡಬೇಕು, ಜಿಲ್ಲೆಯ ಸಾಹೇಬರು ಬಂದು ನೋಡಿ ಫೋಟೋ ತೆಗೆಸುತ್ತಾರೆ. ಭಗವಂತರಾಯರು ಅದನ್ನು ಮೂರು ಸಲ ಓದಿ, ಕೊನೆಯ ಸಾಲಿನಲ್ಲಿ ಫೋಟೋ ಇದ್ದದ್ದರಿಂದ ಧರ್ಮಕಾರ್ಯವೆಂದು ಒಪ್ಪಿಕೊಂಡರು. ನನ್ನನ್ನು ಕರೆದುಕೊಂಡು ಮೊದಲು ಹೋದದ್ದು ಹಣಮಂತ್ರಾಯಗೌಡರ ಕಟ್ಟೆಗೆ.

“ತೊಗರಿ ಸಾಲಿನ್ಯಾಗ ಅಕ್ಕಡಿ ಹಾಕ್ತೀವಲ್ರಿ ಗೌಡ್ರ, ನಾಕ ಸಾಲಿಗೊಂದು ಸಜ್ಜಿ, ಹಂಗ್ರಿ. ನಿಮ್ಮ ಮೊಮ್ಮಗಳ ಬಾಜೂಕ ಆಚಿ ದಂಡಿದೊಂದು.”

ಗೌಡರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ. “ಎಷ್ಟ ಹೊತ್ತು?”

“ದಿನಾ ಒಂದ ತಾಸು ತಾಲೀಮು ರೀ, ಒಂದ ವಾರ. ಸಾಹೇಬ್ರ ಜೀಪ್ ಹೋದ ಕೂಡ್ಲೆ ಎಲ್ಲಾ ಮೊದಲಿನಂಗ.”

“ತಾಸಿಗಾದ್ರ ಆಗಲಿ ತಗೋ. ಮನಿಗಿ ಬಂದ ಮ್ಯಾಲ ಮೈ ತೊಳಸ್ತೀವಿ.”

“ಶರಣ್ರಿ,” ಎಂದು ಭಗವಂತರಾಯರು ಕೈ ಮುಗಿದರು. ಆ ಬೆಳಿಗ್ಗೆ ಹೇಳಿದ ವಚನ ಇನ್ನೂ ಅವರ ತುಟಿಯ ಮೇಲೆ ಒಣಗಿರಲಿಲ್ಲ.

ತಾಲೀಮು ಶುರುವಾಯಿತು. ನೆಲದ ಮೇಲೆ ಸುಣ್ಣದಲ್ಲಿ ವೃತ್ತ ಬರೆಸಿ, ಪ್ರತಿ ವೃತ್ತಕ್ಕೆ ಒಂದು ಮಗುವನ್ನು ಗೊತ್ತು ಮಾಡಿದರು. ಕೊರಳಲ್ಲಿ ಕವಾಯತಿನ ಸೀಟಿ. ಒಂದು ಸೀಟಿ ಊದಿದರೆ ಎಲ್ಲರೂ ಬೆರೆತು ಕೂಡಬೇಕು. ಎರಡು ಸೀಟಿಗೆ ತಂತಮ್ಮ ತಟ್ಟಿಗೆ ವಾಪಸ್. ಮಹಾತ್ಮರು ಜೀವ ಸವೆಸಿದ ಕೆಲಸವನ್ನು ನಮ್ಮ ಹೆಡ್‌ಮಾಸ್ತರು ಒಂದು ಉಸಿರಿನಲ್ಲಿ ಮಾಡಿ, ಎರಡು ಉಸಿರಿನಲ್ಲಿ ಅಳಿಸುತ್ತಿದ್ದರು.

ಲಾಲಮ್ಮನ ವೃತ್ತ ಹಲಗೆಯ ಮುಂದೆಯೇ ಬಂತು, ಗೌಡರ ಮೊಮ್ಮಗಳು ದೇವಕಮ್ಮನ ಪಕ್ಕ. ಎರಡನೆಯ ದಿನ, ತಾಲೀಮಿನ ತಾಸು ಸುಮ್ಮನೆ ಹೋಗಬಾರದೆಂದು, ನಾನು ಹಲಗೆಯ ಮೇಲೆ ಆರು ಸಾಲು ಪಾಠ ಬರೆದೆ. “ಯಾರ ಓದ್ತೀರಿ?” ಎಂದೆ. ಲಾಲಮ್ಮ ಎದ್ದು ನಿಂತಳು. ಆರು ಸಾಲನ್ನೂ ಎಲ್ಲೂ ತಡವರಿಸದೆ ಓದಿದಳು. ಓದಿ, ನನ್ನ ಕಡೆ ತಿರುಗಿ ನಕ್ಕಳು.

“ಅಕ್ಕೋರ, ಇವತ್ತ ಯಾಕ ಇಷ್ಟ ದೊಡ್ಡದಾಗಿ ಬರದೀರಿ? ದಿನಾ ಹಿಂಗ ಬರೀರಿ.”

ದಿನವೂ ಬರೆಯುವಷ್ಟೇ ದೊಡ್ಡದಾಗಿ ಬರೆದಿದ್ದೆ.

“ಏ ಖೋಡಿ, ದಿನಾನೂ ಅಷ್ಟ ಇರ್ತದ ಅದು,” ಎಂದಳು ದೇವಕಮ್ಮ. “ಅಲ್ಲಿಂದ ನಿನಗ ಏನ ಕಾಣ್ತದ?”

“ಕರ್ರಗ ಒಂದು. ಅದರ ಮ್ಯಾಲ ಬೆಳ್ಳಗ ಹೊಗಿ.”

ಎರಡು ವರ್ಷ ಅವಳು ಹೊಗೆಯನ್ನು ನಕಲು ಮಾಡಿದ್ದಳು. ಎರಡು ವರ್ಷ ನಾನು ಅದಕ್ಕೆ ಕೆಂಪು ಸೀಮೆಸುಣ್ಣದ ಗೆರೆ ಎಳೆದಿದ್ದೆ.

ಸಂಜೆ ಹೆಡ್‌ಮಾಸ್ತರಿಗೆ ಹೇಳಿದೆ: “ಸರ್, ಆಕಿ ಕಣ್ಣ ಮಂದ ಅವರಿ. ಮುಂದ ಕುಂತ್ರ ಪಾಸ್ ಆಗ್ತಾಳ. ಆಕಿನ್ನ ಅಲ್ಲೇ ಬಿಡ್ರಿ.”

“ಅಕ್ಕೋರ, ಕಾರ್ಯಕ್ರಮ ಬ್ಯಾರೆ, ಸಾಲಿ ಬ್ಯಾರೆ,” ಎಂದರು. ನಲವತ್ತು ವಚನಗಳ ಮೇಲೆ ಅವರ ಸ್ವಂತದ್ದೆಂದರೆ ಇದೊಂದೇ. ನಾನು “ಹೌದ್ರಿ” ಎಂದೆ.

ಸಾಹೇಬರು ಶುಕ್ರವಾರ ಬಂದರು. ಒಂದು ಸೀಟಿ. ಮಕ್ಕಳು ಕವಡೆಯಂತೆ ಚೆದುರಿ ತಮ್ಮ ತಮ್ಮ ವೃತ್ತದಲ್ಲಿ ಕೂತರು. ಭಗವಂತರಾಯರು ಕಣ್ಣು ಮುಚ್ಚಿ ವಚನ ಹೇಳಿದರು. ಸಾಹೇಬರು ವಾಚು ನೋಡಿಕೊಂಡು, “ಬಹಳ ಸಂತೋಷ, ಇದೊಂದು ಹೂದೋಟ,” ಎಂದರು. ಮುಂದಿನ ಮೂರು ಶಾಲೆಗಳಲ್ಲಿಯೂ ಇದನ್ನೇ ಹೇಳುವವರಿದ್ದರು; ಚಾಲಕ ಜೀಪು ಬಂದ್ ಸಹ ಮಾಡಿರಲಿಲ್ಲ. ಫೋಟೋದವನು ಲಾಲಮ್ಮ ಮತ್ತು ದೇವಕಮ್ಮನ ಕೈ ಹಿಡಿಸಿ ತೆಗೆದ. ಜೀಪಿನ ಧೂಳು ಕೆನಾಲಿನ ಏರಿ ದಾಟುವುದನ್ನು ಕಾದು, ಹೆಡ್‌ಮಾಸ್ತರು ಎರಡು ಸೀಟಿ ಊದಿದರು.

ಎಲ್ಲರೂ ಎದ್ದರು. ಲಾಲಮ್ಮ ಏಳಲಿಲ್ಲ.

“ಏ, ಕಿವಿ ಸೈತ ಹೋಗ್ಯಾವೇನು ನಿನ್ನವು?”

“ನಾ ಇಲ್ಲೇ ಕುಂದ್ರತೀನ್ರಿ ಸರ್. ಇಲ್ಲಿಂದ ಕಾಣ್ತದ್ರಿ.”

ಇನ್ನೊಮ್ಮೆ ಎರಡು ಸೀಟಿ. ಅವಳು ಎರಡೂ ಕೈಯಿಂದ ನೆಲ ಒತ್ತಿ ಹಿಡಿದಳು. ಮಕ್ಕಳೆಲ್ಲ ನೋಡುತ್ತಿದ್ದರು. ಹೆಡ್‌ಮಾಸ್ತರು ಅವಳ ತೋಳು ಹಿಡಿದು ಎಬ್ಬಿಸಬಹುದಿತ್ತು, ಮುಟ್ಟಬೇಕಾಗುತ್ತದೆಂದು ಬಿಟ್ಟರು. “ಅಕ್ಕೋರ, ನೀವ ಹೇಳ್ರಿ,” ಎಂದರು.

ಹುಡುಗಿ ನನ್ನ ಮುಖವನ್ನೇ ನೋಡಿದಳು. ಅಷ್ಟು ಹತ್ತಿರದಿಂದ ಅವಳಿಗೆ ನನ್ನ ಮುಖವೂ ಸ್ಪಷ್ಟವಾಗಿ ಕಾಣುತ್ತಿತ್ತು.

“ಏಳವ್ವ,” ಎಂದೆ.

ಎದ್ದು ಹೋದಳು. ಅವರ ಮಾತಿಗೆ ಏಳದವಳು ನನ್ನ ಮಾತಿಗೆ ಎದ್ದಳು. ಹೆಡ್‌ಮಾಸ್ತರರನ್ನು ನೋಡಿದರೆ ಹೇಸಿಗೆ ಬರುವ ಹಾಗೆ ಇಲ್ಲಿಯವರೆಗೆ ಬರೆದೆ. ಆ ಹೊತ್ತಿನಲ್ಲಿ ಅವರಿಗಿಂತ ಕಡೆಯಾದವಳು ಅದೇ ಕೋಣೆಯಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದಳು.

ಶನಿವಾರ ಬೆಳಿಗ್ಗೆ ಶಾಲೆ. ಯಾರೂ ಬರುವ ಮುಂಚೆ ಹೋದೆ. ಹಲಗೆಯ ಮೂರು ಕಾಲನ್ನು ಮಡಚಿ, ಸೆರಗು ಸಿಕ್ಕಿಸಿಕೊಂಡು, ಇಡೀ ಕೋಣೆಯುದ್ದಕ್ಕೂ ಎಳೆದು, ಬಾಗಿಲಿನ ಪಕ್ಕದ ಗೋಡೆಗೆ ನಿಲ್ಲಿಸಿದೆ. ಚಪ್ಪಲಿ ಬಿಡುವ ಜಾಗವನ್ನು ಹೊರಗಿನ ಕಟ್ಟೆಗೆ ಬದಲಿಸಿದೆ. ಮಕ್ಕಳು ಬಂದರು. ಎಂದಿನ ಜಾಗದಲ್ಲಿ ತಟ್ಟು ಹಾಸಿದರು. ಹಾಸಿ, ಹಲಗೆ ಹುಡುಕಿದರು.

ಭಗವಂತರಾಯರು ಬಾಗಿಲಲ್ಲೇ ನಿಂತುಬಿಟ್ಟರು. “ಏನಿದು ಅಕ್ಕೋರ? ಯಾರ ಜಾಗ ಬದಲಿ ಮಾಡಂತ ಹೇಳ್ಯಾರ?”

“ಯಾರೂ ಜಾಗ ಬಿಟ್ಟಿಲ್ರಿ ಸರ್. ಎಲ್ಲಾರೂ ತಮ್ಮ ತಮ್ಮ ತಟ್ಟಿನ ಮ್ಯಾಲೆ ಅದಾರ. ಹಲಗಿ ಅಷ್ಟ ಎದ್ದು ಬಂದದ.”

“ಅಲ್ಲೇ ಒಯ್ದು ಇಡ್ರಿ.”

“ಇಡಂಗಿಲ್ರಿ. ಇಡಬೇಕಂತ ಬರದು ಕೊಡ್ರಿ. ಯಾಕಂತನೂ ಬರೀರಿ. ಸಾಹೇಬ್ರಿಗೆ ಕಳಸ್ತೀನಿ.”

ವಚನ ಬಾಯಿಪಾಠ ಇದ್ದವರಿಗೂ ಕೆಲವು ಮಾತನ್ನು ಬರೆದು ಕೊಡಲು ಬರುವುದಿಲ್ಲ. ಅವರು ಬರೆಯಲಿಲ್ಲ.

ಶಾಲೆ ಬಿಡುವ ಹೊತ್ತಿಗೆ ಗೌಡರು ಬಂದರು. “ನಮ್ಮ ಹುಡುಗಿ ಹಿಂದ ಬಿದ್ದಾಳಂತಲ್ಲ?”

“ಇಲ್ರಿ ಗೌಡ್ರ. ನೀವು ಕುಂದ್ರಿಸಿದಲ್ಲೇ ಅದಾಳ್ರಿ.”

ಗೌಡರು ಕೋಣೆಯನ್ನು ಆ ತುದಿಯಿಂದ ಈ ತುದಿಗೆ ಅಳೆದು, ಲೆಕ್ಕ ಸಿಗದೆ ಹೋದರು. ಮೂರನೆಯ ದಿನ ದೇವಕಮ್ಮನೇ ತಟ್ಟು ಎಳೆದುಕೊಂಡು ಬಾಗಿಲ ಕಡೆ ಬಂದಳು. “ಸರಕೋಳೇ, ನನಗ ಕಾಣವಲ್ದು,” ಎಂದು ಲಾಲಮ್ಮನನ್ನು ಮೊಣಕೈಯಿಂದ ತಿವಿದಳು. ಲಾಲಮ್ಮ ಸ್ವಲ್ಪವೇ ಸರಿದಳು. “ಅಷ್ಟ. ಇನ್ನೂ ಸರದ್ರ ನನಗ ಕಾಣಂಗಿಲ್ಲ.” ಆ ವಾರ ಉಳಿದವರೂ ಬಂದರು. ಒಲವಿನಿಂದಲ್ಲ, ಲೆಕ್ಕದ ಪಾಠ ನಡೆದಿತ್ತು, ಪರೀಕ್ಷೆ ಹತ್ತಿರವಿತ್ತು.

ಮಾರ್ಚಿನಲ್ಲಿ ಮುದುಕಮ್ಮ ಮಗಳನ್ನು ಬಿಡಿಸಲು ಬಂದಳು. ನಾನು ಲಾಲಮ್ಮನ ಕಣ್ಣಿನ ಮಾತು ಹೇಳಿ ಹಲಗೆ ತೋರಿಸಿದೆ. ಲಾಲಮ್ಮ ತಾಯಿಯ ಮುಂದೆ ಅಷ್ಟೂ ಸಾಲು ಓದಿದಳು. ಮುದುಕಮ್ಮ ಹುಡುಗಿಯನ್ನು ನೋಡಿದಳು, ಹಲಗೆಯನ್ನು ನೋಡಿದಳು, ಹಲಗೆಯ ಹಳೆಯ ಜಾಗದ ಗೋಡೆಯನ್ನೂ ನೋಡಿದಳು.

“ಕಣ್ಣಿನ ದವಾಖಾನಿಗೂ ಒಯ್ತೀನಿ. ನಾಟಿಗೆ ಆಮ್ಯಾಲ ನೋಡಮು,” ಎಂದಳು. ಆಮೇಲೆ, “ಈ ಹಲಗಿ ಇಲ್ಲಿತನಕ ಬರಾಕ ಎರಡ ವರ್ಷ ಬೇಕಾತೇನ್ರಿ ಅಕ್ಕೋರ?”



ಭಗವಂತರಾಯರು ಮಾತ್ರ ತಮ್ಮ ಜಾಗ ಬಿಡಲಿಲ್ಲ. ದಿನ ಬೆಳಿಗ್ಗೆ ಹಲಗೆ ಇದ್ದ ಹಳೆಯ ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಧ್ವನಿ ನಡುಗಿಸಿ ಸಮಾನತೆಯ ವಚನ ಹೇಳುತ್ತಿದ್ದರು. ಮಕ್ಕಳೆಲ್ಲ ಬಾಗಿಲ ಕಡೆ ಮುಖ ಮಾಡಿ, ಅವರಿಗೆ ಬೆನ್ನು ತೋರಿಸಿ, ಪಾಟಿ ತೆಗೆದು ಬರೆಯುತ್ತ ಕೂತಿರುತ್ತಿದ್ದರು. ವಚನ ಮುಗಿಯುವವರೆಗೆ ಅವರಿಗೆ ಅದು ಗೊತ್ತಾಗುತ್ತಿರಲಿಲ್ಲ.